ಕೆರೆ ದಂಡೆಯ ಪೆಟ್ಟಿಗೆಗೆ ದೃಷ್ಟಿ ತೆಗೆದದ್ದು

ನನ್ನ ತಂಗಿ ಮರಗಳಿಗೆ ಪೆಟ್ಟಿಗೆ ಕಟ್ಟುವ ಕೆಲಸ ಮಾಡುತ್ತಾಳೆ. ಹೀಗೆ ಹೇಳಿದರೆ ಬ್ಯಾಡಗಿಯ ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಜೇನಿನ ಪೆಟ್ಟಿಗೆಯೇ ಎಂದು ಕೇಳುತ್ತಾರೆ. ಮೊದಮೊದಲು ನಾನು ಅಲ್ಲವೆಂದು ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಹೌದು ಎನ್ನತೊಡಗಿದೆ. ಜೇನು ಎಷ್ಟು ಬಂತು ಎಂದರೆ, ಈ ವರ್ಷ ಕಡಿಮೆ ಎನ್ನುತ್ತಿದ್ದೆ. ಇಂಥ ಸಣ್ಣ ಸುಳ್ಳು ನನಗೆ ಮೊದಲಿನಿಂದಲೂ ಸಲೀಸು. ದೊಡ್ಡ ಸುಳ್ಳಿಗೆ ಅದೇ ದಾರಿ ಮಾಡಿಕೊಟ್ಟಿತು ಎಂದು ಈಗ ಅನ್ನಿಸುತ್ತದೆ.

ಪೆಟ್ಟಿಗೆಗಳಿರುವುದು ರಾಣೆಬೆನ್ನೂರಿನ ಹೊರಗಿನ ಕುರುಚಲು ಕಾಡಿನಲ್ಲಿ. ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಮೇಯುವ ಬಯಲು, ಅದರ ಅಂಚಿಗೆ ನೀಲಗಿರಿ, ಬೇವು, ಜಾಲಿ. ಶಿವರಾತ್ರಿ ದಾಟಿದರೆ ಅಲ್ಲಿಯ ಹುಲ್ಲು ಒಣಗಿ ಕಾಗದದಂತಾಗುತ್ತದೆ. ಯಾರೋ ಎಸೆದ ಒಂದು ಬೀಡಿ ಸಾಕು. ಬೆಂಕಿ ಹತ್ತಿದ್ದು ಊರಿಗೆ ತಿಳಿಯುವ ಹೊತ್ತಿಗೆ ಅರ್ಧ ಬಯಲು ಕರಿಯಾಗಿರುತ್ತದೆ. ಹಾಗಾಗದಂತೆ ಹೊಗೆಯನ್ನು ಮೊದಲೇ ಮೂಸಿ ಹೇಳುವುದು ಪೆಟ್ಟಿಗೆಯ ಕೆಲಸ. ನೋಡಲು ಊಟದ ಡಬ್ಬಿಯಷ್ಟೇ. ತಲೆಯ ಮೇಲೆ ಅಂಗೈಯಗಲದ ಸೋಲಾರ್ ತಗಡು, ಪಕ್ಕದಲ್ಲಿ ಬೆರಳುದ್ದದ ಒಂದು ಆಂಟೆನಾ ಕಡ್ಡಿ. ಒಳಗೆ ಹೊಗೆಯನ್ನೂ ಶಾಖವನ್ನೂ ಗಾಳಿಯ ತೇವವನ್ನೂ ಅಳೆಯುವ ಸೆನ್ಸರ್‌ಗಳು. ರಸ್ತೆ ಬಿಟ್ಟು ಒಳಗೆ ಹೋದರೆ ಆ ಕಾಡಿನಲ್ಲಿ ಮೊಬೈಲು ಹಿಡಿಯುವುದು ಅಪರೂಪ. ಆದರೂ ಪೆಟ್ಟಿಗೆ ಕೂಗಿದ್ದು ಮೈಲುಗಟ್ಟಲೆ ಆಚೆ, ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಕೂರಿಸಿದ ಯಂತ್ರಕ್ಕೆ ಕೇಳುತ್ತದೆ. ಅಲ್ಲಿಂದ ತಂಗಿಗೆ, ಕಾಡಿನ ಗಾರ್ಡುಗಳಿಗೆ, ಹಾವೇರಿಯ ಅರಣ್ಯ ಇಲಾಖೆಯ ಸಾಹೇಬರಿಗೆ ಸಂದೇಶ ಹೋಗುತ್ತದೆ.

"ಅಷ್ಟು ದೂರ ಹೆಂಗ ಕೇಳ್ತೈತಿ?" ಎಂದು ನಾನೊಮ್ಮೆ ಕೇಳಿದ್ದೆ.

"ಕಡಿಮಿ ಮಾತಾಡ್ತೈತಿ, ಅದಕ್ಕ," ಎಂದಳು ತಂಗಿ. "ಫೋಟೋ ಇಲ್ಲ, ಹಾಡಿಲ್ಲ. ಎರಡ ಮಾತು, ಅದೂ ಸಾವಕಾಶ. ನಿನ್ನಂಗ ಮಾತಾಡಿದ್ರ ಒಂದು ಗಿಡಾನೂ ದಾಟ್ತಿರ್ಲಿಲ್ಲ."

ಅವಳು ಡಿಪ್ಲೊಮಾ ಮುಗಿಸಿ, ಈ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಂಪನಿಗೆ ಸೇರಿ, ರಾಣೆಬೆನ್ನೂರಿನಲ್ಲಿ ಕೋಣೆ ಹಿಡಿದಿದ್ದಾಳೆ. ನಾನು ಐದನೆಯ ಇಯತ್ತೆ ಮುಗಿಸಿ ಮೆಣಸಿನಕಾಯಿಯ ತುಂಬು ಬಿಡಿಸಲು ಕುಳಿತವಳು. ತುಂಬು ಎಂದರೆ ತೊಟ್ಟು. ಕಾಯಿಯ ರಾಶಿಯ ಮುಂದೆ ಕುಳಿತು ಒಂದೊಂದರದೇ ತೊಟ್ಟು ಮುರಿಯಬೇಕು. ಸಾಯಂಕಾಲ ಎದ್ದರೆ ಸೀರೆ, ಕೂದಲು, ಉಗುರಿನ ಸಂದಿ ಎಲ್ಲವೂ ಕಾಯಿಯ ವಾಸನೆ. ಕೆಲಸವಿಲ್ಲದ ದಿನ ಬಸ್ಸು ಹಿಡಿದು ತಂಗಿಯ ಹತ್ತಿರ ಹೋಗುತ್ತಿದ್ದೆ. ಅವಳು ಮರ ಹತ್ತುವಾಗ ಏಣಿ ಹಿಡಿಯುವುದು ನನ್ನ ಪಾಲಿನ ಕೆಲಸ. ಬೇರೆಯವರು ಹಿಡಿದರೆ ಅವಳಿಗೆ ಕಾಲು ನಡುಗುತ್ತಿತ್ತು.

ಇನ್ನೊಂದು ಕೆಲಸವೂ ಇತ್ತು. ಕಟ್ಟಿದ ಪೆಟ್ಟಿಗೆ ಸರಿಯಾಗಿ ಮೂಸುತ್ತದೆಯೇ ಎಂದು ನೋಡಲು ತಂಗಿ ಅದಕ್ಕೆ ಹೊಗೆ ತೋರಿಸುತ್ತಿದ್ದಳು. ಗಾರೆ ಕೆಲಸದವರು ಹೊರುವ ಕಬ್ಬಿಣದ ಬುಟ್ಟಿಯಲ್ಲಿ ಹುಲ್ಲು ಸುಟ್ಟು, ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಂಡು, ಮರದ ಕೆಳಗೆ ನಿಲ್ಲುವುದು. ಸಿಗ್ನಲ್ ಸಿಗುವ ಕಡೆ ನಿಂತ ತಂಗಿಯ ಮೊಬೈಲು ಕೂಗಿದರೆ ಪೆಟ್ಟಿಗೆ ಪಾಸು. ಬುಟ್ಟಿ ಹಿಡಿದು ನಿಲ್ಲುವವಳು ನಾನು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಿ ಹೀಗೆ ಹೊಗೆ ತೋರಿಸುವಾಗ ನನಗೆ ನಮ್ಮ ಅವ್ವ ದೃಷ್ಟಿ ತೆಗೆಯುತ್ತಿದ್ದುದೇ ನೆನಪಾಗುತ್ತಿತ್ತು.

ಅವ್ವನ ದೃಷ್ಟಿಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಉಪ್ಪು, ಒಣ ಮೆಣಸಿನಕಾಯಿ, ಕಸಬರಿಗೆಯ ಕಡ್ಡಿ, ದೃಷ್ಟಿ ಆದವರ ಕಾಲಡಿಯ ಮಣ್ಣು ಇವನ್ನು ಮುಷ್ಟಿಯಲ್ಲಿ ಹಿಡಿದು ಇಳಿ ತೆಗೆದು, ಅಂದರೆ ನಿವಾಳಿಸಿ, ಕೆಂಡಕ್ಕೆ ಹಾಕಬೇಕು. ಕಾಯಿ ಸುಟ್ಟು ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಆಗಿಲ್ಲವೆಂದು ಅರ್ಥ. ಘಾಟು ಬರದಿದ್ದರೆ ಆಗಿದೆ; ಮತ್ತೊಂದು ಹಿಡಿ ಸುಡಬೇಕು. ನಮ್ಮ ಬ್ಯಾಡಗಿ ಕಾಯಿಗೆ ಹೆಸರಿರುವುದು ಬಣ್ಣಕ್ಕೆ. ಖಾರ ಕಡಿಮೆ, ಸುಟ್ಟರೆ ಘಾಟೂ ಕಡಿಮೆ. ಹಾಗಾಗಿ ನಮ್ಮ ಮನೆಯಲ್ಲಿ ದೃಷ್ಟಿ ಆಗಿಲ್ಲವೆಂದು ಒಮ್ಮೆಯೂ ಬಂದದ್ದಿಲ್ಲ. ನೋಡಿ ಹೊಟ್ಟೆ ಉರಿದುಕೊಳ್ಳುವಂಥದ್ದು ನಮ್ಮಲ್ಲಿ ಏನೂ ಇರಲಿಲ್ಲ. ಒಂದು ಎಮ್ಮೆ ಇತ್ತು, ಅದೂ ಕುಂಟುತ್ತಿತ್ತು. ಆದರೂ ಊರೆಲ್ಲ ನಮ್ಮ ಮೇಲೆ ಕಣ್ಣಿಟ್ಟಿದೆ ಎಂದು ಅವ್ವ ಕೊನೆಯವರೆಗೂ ನಂಬಿದ್ದಳು. ಓಣಿಯ ಬೇರೆಯವರು ಇದಕ್ಕೆಂದೇ ಖಾರದ ಕಾಯಿ ತರಿಸಿಡುತ್ತಿದ್ದರು. ಅವ್ವ ಒಪ್ಪುತ್ತಿರಲಿಲ್ಲ. "ಹೊರಗಿನ ಕಾಯಿ ಸುಟ್ರ ಹೊರಗಿನವ್ರ ನದರ ಹೋಗ್ತೈತಿ. ನಮಗ ಹತ್ತಿದ್ದು ಊರವ್ರದು," ಎನ್ನುತ್ತಿದ್ದಳು.

ಕೆರೆಯ ದಂಡೆಯ ಬೇವಿನ ಮರಕ್ಕೆ ಕಟ್ಟಿದ ಪೆಟ್ಟಿಗೆ ರಸ್ತೆಗೆ ಹತ್ತಿರ. ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು. ಮದುವೆಗೆ ಹೊರಟ ಒಂದು ಟ್ರ್ಯಾಕ್ಟರಿನ ಮಂದಿ ಇಳಿದು ಅದರ ಜೊತೆ ಫೋಟೋ ತೆಗೆಸಿಕೊಂಡರು. ಅಂದಿನಿಂದ ಅದಕ್ಕೆ ಒಂದಲ್ಲ ಒಂದು. ಬ್ಯಾಟರಿ ಸತ್ತಿತು. ಒಳಗೆ ಇರುವೆ ಗೂಡು ಮಾಡಿದವು. ಕಾಗೆ ಆಂಟೆನಾ ಕಡ್ಡಿ ಮುರಿಯಿತು. ಅಷ್ಟರಲ್ಲಿ ಹಾವೇರಿಯಿಂದ ಸಾಹೇಬರು ಪರೀಕ್ಷೆಗೆ ಬರುವ ಸುದ್ದಿ ಬಂತು. ಅವರು ಒಂದು ಕಡೆ ಬೆಂಕಿ ಹಾಕಿಸಿ ನೋಡುತ್ತಾರೆ, ಪೆಟ್ಟಿಗೆ ಕೂಗಿದರೆ ಎಲ್ಲ ಪೆಟ್ಟಿಗೆಗಳೂ ಉಳಿಯುತ್ತವೆ, ತಂಗಿಯ ಕೆಲಸವೂ ಉಳಿಯುತ್ತದೆ. ಇಲ್ಲದಿದ್ದರೆ ಎಲ್ಲವನ್ನೂ ಬಿಚ್ಚಿಸುತ್ತಾರೆ.

"ಇದಕ್ಕ ನದರ ಹತ್ತೇತಿ," ಎಂದೆ ತಂಗಿಗೆ.

"ಪೆಟ್ಟಿಗಿಗೆ ನದರ ಹತ್ತಂಗಿಲ್ಲಕ್ಕಾ. ನೀ ಅದರ ಕೆಳಗ ಹೊಗಿ ಗಿಗಿ ಹಾಕೀದಿ ಮತ್ತ," ಎಂದು ನಕ್ಕಳು.

ಅಂದರೆ ಅವಳು ಹೇಳಿದ್ದಳು. ತಿಳಿಯದೆ ಮಾಡಿದೆ ಎಂದು ನಾನು ಹೇಳುವಂತಿಲ್ಲ.

ಅಮಾವಾಸ್ಯೆಯ ದಿನ ತಂಗಿ ಹಾವೇರಿಯ ಆಫೀಸಿಗೆ ಹೋಗಿದ್ದಳು. ನಾನು ಅವಳ ಕೋಣೆಯಿಂದ ಬುಟ್ಟಿ ತೆಗೆದುಕೊಂಡು, ಬ್ಯಾಡಗಿಯಿಂದ ಸೆರಗಿನಲ್ಲಿ ಕಟ್ಟಿ ತಂದ ಕಾಯಿ, ಉಪ್ಪು, ಕಡ್ಡಿಗಳ ಸಮೇತ ಹೊತ್ತು ಮುಳುಗುವ ಹೊತ್ತಿಗೆ ಕೆರೆಯ ದಂಡೆಗೆ ಹೋದೆ. ಹೊಗೆಯ ಮಾತು ನೆನಪಿತ್ತು. ಆದರೆ ಕಾಡಿನ ಹೊಗೆ ಬೇರೆ, ದೃಷ್ಟಿಯ ಹೊಗೆ ಬೇರೆ, ಇಷ್ಟು ಕಲಿತ ಪೆಟ್ಟಿಗೆಗೆ ಅಷ್ಟು ತಿಳಿಯದೇ ಎಂದು ನನಗೆ ನಾನೇ ಹೇಳಿಕೊಂಡೆ. ಪೆಟ್ಟಿಗೆಗೆ ಕಾಲಿಲ್ಲವಲ್ಲ, ಅದಕ್ಕೆ ಏಣಿಯ ಕಾಲು ಊರಿ ಬಿದ್ದಿದ್ದ ಗುಳಿಯಿಂದ ಮಣ್ಣು ತೆಗೆದುಕೊಂಡೆ. ಬುಟ್ಟಿಯಲ್ಲಿ ಇದ್ದಿಲು ಹೊತ್ತಿಸಿ, ಕೈ ಮೇಲೆತ್ತಿ ಇಳಿ ತೆಗೆದೆ. "ಊರವ್ರ ಕಣ್ಣು, ದಾರ್ಯಾಗಿನವ್ರ ಕಣ್ಣು, ಟ್ರ್ಯಾಕ್ಟರಿನವ್ರ ಕಣ್ಣು, ಚಿಗರಿ ಕಣ್ಣು, ಹಾವೇರಿ ಸಾಹೇಬ್ರ ಕಣ್ಣು, ಎಲ್ಲಾ ಸುಟ್ಟು ಹೋಗ್ಲಿ," ಎಂದೆ. ಕೆಂಡಕ್ಕೆ ಹಾಕಿದೆ. ಘಾಟು ಬರಲಿಲ್ಲ. ಅಯ್ಯೋ ಶಿವನೇ, ಎಷ್ಟೊಂದು ದೃಷ್ಟಿ ಎಂದು ಇನ್ನೊಂದು ಹಿಡಿ ಹಾಕಿದೆ. ಆಗಲೂ ಇಲ್ಲ. ಉಳಿದದ್ದನ್ನೆಲ್ಲ ಸುರಿದೆ. ಹೊಗೆ ಬೇವಿನ ಎಲೆಗಳೊಳಗೆ ನುಗ್ಗಿ ಪೆಟ್ಟಿಗೆಯೇ ಕಾಣದಾಯಿತು. ಕಾಡಿಗೆ ಬೆಂಕಿ ಹತ್ತಬಾರದೆಂದು ಕಟ್ಟಿದ ಪೆಟ್ಟಿಗೆಯ ಕೆಳಗೆ, ಒಣ ಹುಲ್ಲಿನ ನಡುವೆ, ನಾನು ಬೆಂಕಿ ಹಚ್ಚಿಕೊಂಡು ನಿಂತಿದ್ದೆ. ಆಗ ಅದು ಹೊಳೆಯಲೇ ಇಲ್ಲ.

ದೃಷ್ಟಿ ತೆಗೆದದ್ದನ್ನು ನೀರಿಗೆ ಬಿಡಬೇಕು. ಬಿಟ್ಟ ಮೇಲೆ ಕಾಲು ತೊಳೆಯುವವರೆಗೂ ಹಿಂದೆ ನೋಡಬಾರದು, ಬಾಯಿ ಬಿಡಬಾರದು. ಬುಟ್ಟಿಯನ್ನು ಕೆರೆಗೆ ಬೋರಲು ಹಾಕಿ, ಅದು ಚುಂಯ್ ಎಂದದ್ದು ಕೇಳಿ, ಹೊರಟೆ. ಅಷ್ಟರಲ್ಲಿ ಹಿಂದೆ ಓಡಿಬರುವ ಸದ್ದು.

"ಯಾರವ್ರು? ನಿಂದರ್ರಿ ಅಲ್ಲೇ," ಎಂದು ಗಾರ್ಡಿನ ದನಿ. ಐರಣಿಯ ಕಡೆಯ ಮನುಷ್ಯ, ನನಗೆ ಪರಿಚಿತನೇ. ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ನಾನು ಬುಟ್ಟಿಯನ್ನು ಸೆರಗಿನಡಿ ಹಿಡಿದು ನಡೆದೆ. ಅವನು ಬೆಂಕಿ ಬಡಿಯಲು ತಂದ ಹಸಿ ಟೊಂಗೆ ಹಿಡಿದು ನನ್ನ ಹಿಂದೆ ನಡೆದ. "ಯಕ್ಕಾರ, ನೀವಾ? ಬೆಂಕಿ ಎಲ್ಲಿ ಐತ್ರಿ?" ನಾನು ಇನ್ನೂ ಜೋರಾಗಿ ನಡೆದೆ. "ಕಿವಿ ಕೇಳಂಗಿಲ್ಲೇನ್ರಿ?" ಹೀಗೆ ಬೋರ್‌ವೆಲ್ಲಿನ ತನಕ ಇಬ್ಬರೂ ಮೆರವಣಿಗೆ ಹೋದೆವು. ಅಲ್ಲಿ ನಾನು ಕೈಪಂಪು ಒತ್ತಿ ಕಾಲು ತೊಳೆದುಕೊಳ್ಳುವ ತನಕ ಅವನು ಟೊಂಗೆ ಹಿಡಿದು ಕಾಯ್ದ.

"ಕೆರಿ ದಂಡಿ ಪೆಟ್ಟಿಗಿ ಹೊಗಿ ಅಂತ ಕೂಗೇತಿ. ನೀವು ಅಲ್ಲಿಂದ ಬಂದ್ರಿ. ಏನರ ಕಂಡ್ರೇನು?"

ಡಿಪ್ಲೊಮಾ ಮಾಡಿದವಳ ಅಕ್ಕ ಯಂತ್ರಕ್ಕೆ ದೃಷ್ಟಿ ತೆಗೆದಳೆಂದರೆ ಇವನು ನಗುತ್ತಾನೆ, ಇವನಿಂದ ಎಲ್ಲರೂ ನಗುತ್ತಾರೆ, ತಂಗಿಯ ಮರ್ಯಾದೆ ಹೋಗುತ್ತದೆ ಎಂದುಕೊಂಡೆ.

"ಹೊಗಿ ಗಿಗಿ ಏನೂ ಇಲ್ರಿ," ಎಂದೆ. "ಪೆಟ್ಟಿಗೀನ ಸುಳ್ಳು ಹೇಳ್ತೈತಿ."

ಅವನು ಗಾಳಿ ಮೂಸಿದ. "ಕಾಯಿ ವಾಸನಿ ಬರಾಕತ್ತೈತಲ್ರಿ."

"ಬ್ಯಾಡಗಿಯವ್ರಿಗೆ ಮತ್ತೇನ ಮಲ್ಲಿಗಿ ವಾಸನಿ ಬರ್ತೈತಿ?" ಎಂದೆ. ಅವನು ನಕ್ಕು ಹೋದ. ಬೆಂಕಿ ಕಾಣಲಿಲ್ಲ, ಪೆಟ್ಟಿಗೆ ಸುಮ್ಮನೆ ಕೂಗಿದೆ ಎಂದು ಫೋನ್ ಮಾಡಿದ.

ಮರುದಿನದಿಂದ ತಂಗಿ ಊಟ ಬಿಟ್ಟಳು ಎನ್ನಬೇಕು. ಬೆಂಕಿಯಿಲ್ಲದೆ ಏಕೆ ಕೂಗಿತು? ಪೆಟ್ಟಿಗೆ ಇಳಿಸಿ ಬಿಚ್ಚಿದಳು, ಒರೆಸಿದಳು, ಮತ್ತೆ ಜೋಡಿಸಿದಳು. ಎಲ್ಲ ಸರಿಯಾಗಿದೆ ಎನ್ನುವಳು. ಸರಿಯಾಗಿದ್ದರೆ ಹೀಗೇಕೆ ಎಂದು ಮತ್ತೆ ಬಿಚ್ಚುವಳು. ನಾನು ಎದುರಿಗೆ ಕುಳಿತು ರೊಟ್ಟಿ ಮುರಿದು ಅವಳ ಬಾಯಿಗೆ ಇಡುತ್ತಿದ್ದೆ. ಆ ಬಾಯಿಯ ಮುಂದೆಯೇ ನನ್ನ ಬಾಯಿ ಬಿಡಲಿಲ್ಲ. ಕೊನೆಗೆ ಅವಳು, ಇದರ ಮೂಗು ಬಹಳ ಚುರುಕಾಗಿರಬೇಕು ಎಂದು, ಎಷ್ಟು ಹೊಗೆ ಬಂದರೆ ಕೂಗಬೇಕು ಎಂಬ ಗೆರೆಯನ್ನು ಆ ಒಂದು ಪೆಟ್ಟಿಗೆಗೆ ಮಾತ್ರ ಮೇಲೆ ಏರಿಸಿದಳು. ಸಾಹೇಬರ ಮುಂದೆ ಮತ್ತೆ ಸುಳ್ಳು ಕೂಗಬಾರದಲ್ಲ. ಸರಿಯಾಗಿದ್ದ ಪೆಟ್ಟಿಗೆಯ ಮೂಗನ್ನು ನನ್ನ ಮಾತು ನಂಬಿ ತಾನೇ ಕಟ್ಟಿದಳು. ಆಗಲಾದರೂ ಹೇಳಬಹುದಿತ್ತು. ಏಣಿ ಹಿಡಿದುಕೊಂಡು ನಿಂತಿದ್ದೆ.

ಸಾಹೇಬರು ಬಂದರು. ಎಲ್ಲ ಪೆಟ್ಟಿಗೆಗಳನ್ನೂ ಬಿಟ್ಟು, ಹಿಂದೆ ಸುಮ್ಮನೆ ಕೂಗಿದ್ದು ಯಾವುದು, ಅದನ್ನೇ ನೋಡೋಣ ಎಂದರು. ಕೆರೆಯ ದಂಡೆಯ ಬರಿ ನೆಲದಲ್ಲಿ ಹುಲ್ಲಿನ ಗುಡ್ಡೆಗೆ ಬೆಂಕಿ ಹಾಕಿಸಿದರು. ಗಾಳಿ ನೇರ ಬೇವಿನ ಮರದ ಕಡೆಗೇ ಇತ್ತು. ಸಾಹೇಬರು ಕೆಮ್ಮಿದರು. ಡ್ರೈವರು ಕೆಮ್ಮಿದ. ಗಾರ್ಡುಗಳು ಕಣ್ಣೊರೆಸಿಕೊಂಡರು. ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಓಡಿಬಂದು, "ಬೆಂಕಿ ಹತ್ತೇತ್ರಿ, ಯಾರೂ ನೋಡವಲ್ರ್ಯಾ?" ಎಂದ. ಕುರಿಗಳೂ ಕೆಮ್ಮಿದವು. ಪೆಟ್ಟಿಗೆ ಒಂದು ಮಾತೂ ಆಡಲಿಲ್ಲ.

"ಬೆಂಕಿ ಇಲ್ಲದಾಗ ಕೂಗೂದು, ಇದ್ದಾಗ ಸುಮ್ಮನ ಕುಂದ್ರೂದು," ಎಂದರು ಸಾಹೇಬರು ಕರವಸ್ತ್ರದ ಒಳಗಿಂದ. "ಇಂಥಾವ್ರು ನಮ್ಮ ಆಫೀಸಿನ್ಯಾಗ ಭಾಳ ಮಂದಿ ಅದಾರವಾ. ಅದಕ್ಕ ಪೆಟ್ಟಿಗಿ ಯಾಕ ಬೇಕು?" ಎಲ್ಲವನ್ನೂ ಬಿಚ್ಚಿ ತೆಗೆಯಲು ಹೇಳಿ ಜೀಪು ಹತ್ತಿದರು.

ಬಿಚ್ಚುವುದಕ್ಕೂ ಏಣಿ ಬೇಕು, ಏಣಿಗೆ ನಾನು ಬೇಕು. ಮೊದಲು ಕೆರೆಯ ದಂಡೆಯದನ್ನೇ ಬಿಚ್ಚಲು ಹೋದೆವು. ತಂಗಿ ಮೇಲೆ ಹತ್ತಿ ಸ್ಕ್ರೂ ತಿರುಗಿಸುತ್ತ ಪೆಟ್ಟಿಗೆಯ ಜೊತೆ ಮಾತಾಡುತ್ತಿದ್ದಳು. "ಅವತ್ತ ನಿನಗ ಏನಾಗಿತ್ತು? ಅದೊಂದು ಹೇಳಿಬಿಡು, ಹೋಗ್ತೀನಿ." ನನಗೆ ಕೆಳಗಿನಿಂದ ಅವಳ ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಮುಖ ಕಂಡಿದ್ದರೆ ಅವತ್ತೂ ಹೇಳುತ್ತಿರಲಿಲ್ಲವೇನೋ. ಹಿಮ್ಮಡಿಗಳಿಗೆ ಎಲ್ಲವನ್ನೂ ಹೇಳಿದೆ.

ಸ್ಕ್ರೂ ತಿರುಗುವ ಸದ್ದು ನಿಂತಿತು.

"ಎಷ್ಟು ಕಾಯಿ ಸುಟ್ಟಿ?" ಎಂದಳು ಮೇಲಿನಿಂದ.

"ಮೂರು ಹಿಡಿ."

"ಬುಟ್ಟಿ ಎಲ್ಲಿ ಇಟ್ಟಿದ್ದಿ?"

"ನಾ ನಿಂತಲ್ಲೇ."

"ಗಾಳಿ?"

"ನಿನ್ನ ಕಡೇನ ಇತ್ತು. ಪೆಟ್ಟಿಗಿ ಕಡೆ."

ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದಳೆಂದು ಕಾಣುತ್ತದೆ, ಧೂಳು ನನ್ನ ಕಣ್ಣಿಗೆ ಬಿತ್ತು. "ಅಂದ್ರ ಇದು ಖರೇನ ಹೇಳಿತ್ತು," ಎಂದಳು. ಆಮೇಲೆ, "ಏಣಿ ಬಿಡು."

"ಬೀಳ್ತೀದಿ."

"ಬಿಡು ಅಂದೆ."

ಬಿಟ್ಟೆ. ಕಾಲು ನಡುಗುತ್ತಲೇ ಒಬ್ಬಳೇ ಇಳಿದಳು. ನನ್ನ ಮುಖ ನೋಡದೆ, "ಬಸ್ಸಿಗೆ ನಡಿ. ಹಾವೇರಿಯಾಗ ಇದನ್ನ ನೀನ ಹೇಳು," ಎಂದಳು.

ಹಾವೇರಿಯ ಆಫೀಸಿನಲ್ಲಿ ಸಾಹೇಬರ ಮೇಜಿನ ಮುಂದೆ ನಿಂತು ಮೊದಲಿನಿಂದ ಹೇಳಿದೆ. ಗುಮಾಸ್ತ ಬರೆದುಕೊಳ್ಳಲು ಕುಳಿತಿದ್ದ. "ಯಾವ ಕಾಯಿ?" ಎಂದ. ಬ್ಯಾಡಗಿ ಎಂದೆ. "ಕಡ್ಡಿಯೋ, ಡಬ್ಬಿಯೋ?" ಸಪೂರ ಕಾಯಿಗೆ ಕಡ್ಡಿ, ಗುಂಡಗಿನದಕ್ಕೆ ಡಬ್ಬಿ ಎನ್ನುತ್ತಾರೆ. ಕಡ್ಡಿ ಎಂದೆ. "ಡಬ್ಬಿ ಸುಡಬೇಕಿತ್ತು," ಎಂದ ಪೆನ್ನು ಕೆಳಗಿಟ್ಟು, "ಕಡ್ಡಿಗೆ ನದರ ಹೋಗೂದಿಲ್ಲ. ನಮ್ಮ ಮನ್ಯಾಗ ನೋಡೇನಿ." ಸಾಹೇಬರು ಅವನ ಕಡೆ ನೋಡಿದ ಮೇಲೆ ಮತ್ತೆ ಪೆನ್ನು ಹಿಡಿದ.

"ತಂಗಿ ಕೆಲಸ ಉಳೀಲಿ ಅಂತ ಕಥಿ ಕಟ್ಟಾಕತ್ತೀರಿ," ಎಂದರು ಸಾಹೇಬರು ನನಗೆ.

ಜೀವನದಲ್ಲಿ ಅಪರೂಪಕ್ಕೆ ಖರೆ ಹೇಳಿದಾಗ ಹೀಗಾಯಿತು. ಆಗ ತಂಗಿ, "ಮತ್ತೊಮ್ಮೆ ಮಾಡಿ ತೋರಸ್ತಾಳ್ರಿ. ಪೆಟ್ಟಿಗಿನ್ನ ಮೊದಲಿನಂಗ ಇಡ್ತೀನಿ. ಅದೇ ಕಾಯಿ, ಅದೇ ಬುಟ್ಟಿ," ಎಂದಳು. ಸಾಹೇಬರು ಫ್ಯಾನಿನ ಕಡೆ ನೋಡುತ್ತ ಯೋಚಿಸಿ ಒಪ್ಪಿದರು.

ಹೀಗೆ, ಒಂದು ಪೆಟ್ಟಿಗೆಗೆ ಸರ್ಕಾರದ ಒಪ್ಪಿಗೆಯಿಂದ ದೃಷ್ಟಿ ತೆಗೆಯುವ ದಿನ ಬಂತು. ಮರದ ಸುತ್ತ ಹುಲ್ಲು ಕಿತ್ತು ಬರಿ ನೆಲ ಮಾಡಿದ್ದರು. ನೀರಿನ ಡ್ರಮ್ಮು, ಮರಳು, ಟೊಂಗೆ ಹಿಡಿದ ಗಾರ್ಡುಗಳು. ಸಾಹೇಬರಿಗೆ ಕುರ್ಚಿ. ತಂಗಿ ಒಂದೇ ಮಾತು ಹೇಳಿದಳು: "ಅವತ್ತ ಹೆಂಗ ಮಾಡಿದ್ದಿ ಹಂಗ ಮಾಡು. ಒಂದೂ ಬಿಡಬ್ಯಾಡ."

ಬಿಡುವಂತಿರಲಿಲ್ಲ. ಇಳಿ ತೆಗೆಯುತ್ತ ಊರವರ ಕಣ್ಣು, ದಾರಿಯವರ ಕಣ್ಣು, ಟ್ರ್ಯಾಕ್ಟರಿನವರ ಕಣ್ಣು, ಚಿಗರಿ ಕಣ್ಣು ಎಂದು ನಿಂತೆ. ತಂಗಿ ನನ್ನನ್ನೇ ನೋಡುತ್ತಿದ್ದಳು. "ಹಾವೇರಿ ಸಾಹೇಬ್ರ ಕಣ್ಣು," ಎಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಾಯಿ ಕೆಂಡಕ್ಕೆ ಬಿತ್ತು. ಘಾಟಿಲ್ಲ.

"ಸಾಹೇಬ್ರ, ಯಾರೂ ಕೆಮ್ಮವಲ್ರು," ಎಂದ ಐರಣಿಯ ಗಾರ್ಡು ಮೆಲ್ಲಗೆ. "ನದರ ಇನ್ನೂ ಐತಿ ನೋಡ್ರಿ."

"ಹಂಗಾದ್ರ ಇನ್ನೊಂದು ಹಿಡಿ ಹಾಕ್ರಿ," ಎಂದರು ಸಾಹೇಬರು.

ಮೂರನೆಯ ಹಿಡಿಗೆ ಹೊಗೆ ಮೇಲೆದ್ದು ಎಲೆಯೊಳಗೆ ಹೊಕ್ಕಿತು. ಮೊದಲು ಕೂಗಿದ್ದು ಸಾಹೇಬರ ಜೇಬು. ಹಿಂದೆಯೇ ಗಾರ್ಡಿನದು, ಡ್ರೈವರಿನದು. ತಂಗಿ ತನ್ನ ಮೊಬೈಲು ನೋಡಲಿಲ್ಲ. ಪೆಟ್ಟಿಗೆಯ ಕಡೆ ನೋಡಿದಳು, ಪರೀಕ್ಷೆ ಪಾಸಾದ ಮಗುವನ್ನು ನೋಡುವ ಹಾಗೆ.

ಬೇಸಿಗೆ ಮುಗಿಯುವ ತನಕ ಪೆಟ್ಟಿಗೆಗಳು ಇರಲಿ, ಈ ಹುಡುಗಿಯೇ ನೋಡಿಕೊಳ್ಳಲಿ ಎಂದು ಸಾಹೇಬರು ಹೇಳಿದರು. ಹೊರಡುವಾಗ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ನಮ್ಮ ಜೀಪೂ ಪದೇಪದೇ ಕೆಡಾಕತ್ತೈತಿ. ಬುಟ್ಟ್ಯಾಗ ಇನ್ನೂ ಕೆಂಡ ಐತಲ್ಲ," ಎಂದರು. ತಂಗಿ ಸ್ವಲ್ಪ ದೂರದಲ್ಲಿ ನಿಂತಿದ್ದಳು. "ಇಲ್ರಿ, ನದರ ತೆಗಿಯೂದು ನಾ ಬಿಟ್ಟೇನಿ," ಎಂದೆ.

ತಂಗಿ ಆಮೇಲೆ ನನ್ನನ್ನು ಏಣಿ ಹಿಡಿಯಲು ಕರೆಯಲಿಲ್ಲ. ಏಣಿಯನ್ನು ಮರಕ್ಕೆ ಹಗ್ಗದಿಂದ ಬಿಗಿದು ಹತ್ತುತ್ತಾಳೆಂದು ಗಾರ್ಡು ಹೇಳಿದ. ಆದರೆ ಪೆಟ್ಟಿಗೆಗಳ ಸಂದೇಶ ಹೋಗುವ ನಂಬರುಗಳಲ್ಲಿ ನನ್ನದನ್ನೂ ಸೇರಿಸಿದಳು. ಯಾವ ಪೆಟ್ಟಿಗೆ ಕೂಗಿದರೂ ನಾನು ಅವಳಿಗೆ ಉತ್ತರ ಕಳಿಸಬೇಕು, ಅದು ನನ್ನ ಕೆಲಸವೋ ಅಲ್ಲವೋ ಎಂದು. ಗಾರ್ಡುಗಳು ನನ್ನ ಉತ್ತರಕ್ಕೆ ಕಾಯುವುದಿಲ್ಲ, ಆಗಲೇ ಓಡಿರುತ್ತಾರೆ. ಅದು ಅವಳಿಗೆ ಮಾತ್ರ. ನಾನು ಕಳಿಸುತ್ತಿದ್ದೆ. ಅವಳು ಮರಳಿ ಏನೂ ಕಳಿಸುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಾಯಿಯ ರಾಶಿಯ ಮುಂದೆ ಕುಳಿತಿದ್ದಾಗ ಮೊಬೈಲು ಕೂಗಿತು. ಕೆರೆ ದಂಡೆ, ಹೊಗೆ. ಪಕ್ಕದಲ್ಲಿ ತುಂಬು ಬಿಡಿಸುತ್ತಿದ್ದವಳು, "ಜೇನು ಬಂತೇನ?" ಎಂದಳು. ಕೆಂಪು ಬೆರಳನ್ನು ಸೆರಗಿಗೆ ಒರೆಸಿ "ನಾನಲ್ಲ" ಎಂದು ಒತ್ತಿದೆ. ಮತ್ತೆ ಕಾಯಿ ಕೈಗೆತ್ತಿಕೊಂಡೆ, ತೊಟ್ಟು ಮುರಿಯಲಾಗಲಿಲ್ಲ. ರಸ್ತೆಬದಿಯ ಹುಲ್ಲಿಗೆ ಖರೆಯಾಗಿಯೇ ಬೆಂಕಿ ಬಿದ್ದಿತ್ತು, ಒಂದು ಅಂಗಳದಷ್ಟು ಸುಡುವುದರೊಳಗೆ ಟೊಂಗೆಯಿಂದ ಬಡಿದು ಆರಿಸಿದರು ಎಂದು ಗಾರ್ಡು ಫೋನ್ ಮಾಡಿ ತಿಳಿಸಿದ.

ಸಂಜೆ ಚೀಲ ಹೊಲಿಯುವ ಹೊತ್ತಿಗೆ ಮೊಬೈಲು ಇನ್ನೊಮ್ಮೆ ಸಣ್ಣಗೆ ಸದ್ದು ಮಾಡಿತು. ತಂಗಿಯದು.

"ಗೊತ್ತೈತಿ."